ಸ್ವಿಚ್‌ನ ಲಾಗ್ ಓದುವಾಗ ಗಡಿಯಾರವನ್ನೂ ನೋಡಿ

ತುಲಾ ತಿಂಗಳ ಗುಡುಗು ಮಿಂಚಿಗೆ ಕರೆಂಟ್ ಹೋಗಿ ಬಂದ ಮರುದಿನ, ಬದಿಯಡ್ಕದ ಒಂದು ಸಣ್ಣ ಆಫೀಸಿನಲ್ಲಿ, ಕಂಪ್ಯೂಟರುಗಳನ್ನು ಕೇಬಲ್ಲಿನಲ್ಲಿ ಒಂದಕ್ಕೊಂದು ಜೋಡಿಸುವ ಸಿಸ್ಕೊ ಸ್ವಿಚ್ ಮುಂದೆ ಕೂತಿದ್ದೆ. ಅದು ತನ್ನಲ್ಲಿ ನಡೆದದ್ದನ್ನು ಬರೆದಿಡುವ ಪಟ್ಟಿಯೇ ಲಾಗ್. ‘ಶೋ ಲಾಗಿಂಗ್’ ಅಂತ ಟೈಪ್ ಮಾಡಿದರೆ ಬಂದ ಸಾಲು ಇದು:

*ಮಾರ್ಚ್ 1 00:14:32.118: %ಲಿಂಕ್-3-ಅಪ್‌ಡೌನ್: ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್1/0/7, ಚೇಂಜ್ಡ್ ಸ್ಟೇಟ್ ಟು ಡೌನ್

ಶೇಕಡಾ ಗುರುತಿನ ನಂತರದ್ದನ್ನು ಮೊದಲು ಬಿಡಿಸೋಣ. ‘ಲಿಂಕ್’ ಅಂದರೆ ಸುದ್ದಿ ಯಾವ ವಿಭಾಗದ್ದು ಎಂದು. 3 ಅಂದರೆ ಎಷ್ಟು ಗಂಭೀರ ಎಂದು. ‘ಅಪ್‌ಡೌನ್’ ಆ ಸುದ್ದಿಯ ಅಡ್ಡಹೆಸರು. ಉಳಿದದ್ದು ವಿವರ: ಏಳನೇ ಪೋರ್ಟ್ (ಕೇಬಲ್ ಚುಚ್ಚುವ ಕಿಂಡಿ) ಡೌನ್ ಆಗಿದೆ.

ಗಂಭೀರತೆ 0ರಿಂದ 7ರವರೆಗೆ. ಸಂಖ್ಯೆ ಸಣ್ಣದಾದಷ್ಟೂ ತಾಪತ್ರಯ ಜಾಸ್ತಿ. 0 ಎಮರ್ಜೆನ್ಸಿ, 3 ಎರರ್, 4 ವಾರ್ನಿಂಗ್, 5 ನೋಟಿಫಿಕೇಶನ್, 7 ಡೀಬಗ್. ನೆಟ್‌ವರ್ಕಿಂಗ್ ಪರೀಕ್ಷೆಗೆ ಓದುವವರು ಎಂಟನ್ನೂ ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ.

ಆದರೆ ಸಂಖ್ಯೆ ಒಂದನ್ನೇ ನಂಬಿ ಕೂತರೆ ಕೆಟ್ಟಿರಿ. ಒಂದು ಕಂಪ್ಯೂಟರ್ ಆಫ್ ಮಾಡಿದರೂ ಈ 3ರ ಸಾಲು ಬರಬಹುದು. ‘ಮ್ಯಾಕ್‌ಫ್ಲಾಪ್’ ಎಂಬ ಸುದ್ದಿಗೆ 4ನೇ ಮಟ್ಟ. ಒಂದೇ ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಗುರುತುಸಂಖ್ಯೆ) ಈಗ ಈ ಪೋರ್ಟಿನಲ್ಲಿ, ಮರುಕ್ಷಣ ಆ ಪೋರ್ಟಿನಲ್ಲಿ ಕಾಣುತ್ತಿದೆ ಎಂದು ಅದರ ಅರ್ಥ. ಎಲ್ಲೋ ಕೇಬಲ್ ಸುತ್ತಿ ವಾಪಸ್ ಬಂದು ಲೂಪ್ ಆಗಿದ್ದರೆ ಹೀಗಾಗುತ್ತದೆ, ಇಡೀ ನೆಟ್‌ವರ್ಕ್ ಮಲಗಬಹುದು. ನಾನಾದರೆ ಮೊದಲು ಇದರ ಹಿಂದೆ ಓಡುತ್ತೇನೆ.

ಈಗ ಆ ಮಾರ್ಚ್ 1ರ ಕಥೆ. ಸಿಸ್ಕೊದ ಹಳೆಯ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಹಲವಕ್ಕೆ ಸಮಯ ನೆನಪಿಡುವ ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದರೆ ಅವು ಎಣಿಕೆ ಶುರು ಮಾಡುವುದು 1993ರ ಮಾರ್ಚ್ 1ರಿಂದ! ಮುಂದಿರುವ ನಕ್ಷತ್ರ ಗುರುತು ಹೇಳುವುದೂ ಅದನ್ನೇ: ಈ ಸಮಯವನ್ನು ನಂಬಬೇಡಿ. ನಕ್ಷತ್ರದ ಬದಲು ಚುಕ್ಕಿ ಇದ್ದರೆ, ಗಡಿಯಾರ ಮೊದಲು ಸರಿ ಇತ್ತು, ಈಗ ಎನ್‌ಟಿಪಿ (ನೆಟ್‌ವರ್ಕಿನಲ್ಲಿ ಸರಿ ಸಮಯ ಹೇಳುವ) ಸರ್ವರಿನ ಸಂಪರ್ಕ ತಪ್ಪಿದೆ ಎಂದು.

ಇನ್ನೊಂದು ಪೆಟ್ಟು. ಲಾಗ್ ಸಾಲುಗಳು ಕೂಡಿಡುವ ಬಫರ್ ಇರುವುದು ರ‍್ಯಾಮಿನಲ್ಲಿ, ಸಾಮಾನ್ಯವಾಗಿ ಬರೀ 4096 ಬೈಟ್. ತುಂಬಿದರೆ ಹಳೆಯ ಸಾಲುಗಳು ಹೋಗುತ್ತವೆ, ಕರೆಂಟ್ ಹೋದರೆ ಎಲ್ಲವೂ ಹೋಗುತ್ತದೆ. ಗುಡುಗಿನ ಹೊತ್ತಿಗೆ ಏನಾಯಿತು ಅಂತ ನೋಡಲು ಹೋದ ನನಗೆ ಸಿಕ್ಕಿದ್ದು ಆಮೇಲಿನ ಸುದ್ದಿ ಮಾತ್ರ. ಅದಕ್ಕೇ ಲಾಗನ್ನು ಬೇರೆ ಸಿಸ್‌ಲಾಗ್ ಸರ್ವರಿಗೆ ಕಳಿಸಬೇಕು. ಅದು ಸಾಮಾನ್ಯವಾಗಿ ಯುಡಿಪಿ ಎಂಬ ರವಾನೆ ವಿಧಾನದಲ್ಲಿ, 514 ಎಂಬ ಪೋರ್ಟ್ ಸಂಖ್ಯೆಗೆ (ಇದು ಕೇಬಲ್ ಚುಚ್ಚುವ ಪೋರ್ಟ್ ಅಲ್ಲ) ಹೋಗುತ್ತದೆ. ಅಂದಹಾಗೆ ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ನೆಟ್‌ವರ್ಕ್ ಮೂಲಕ) ಒಳಹೊಕ್ಕವರಿಗೆ ಹೊಸ ಲಾಗ್ ಸಾಲುಗಳು ತಾನಾಗಿ ಕಾಣುವುದಿಲ್ಲ, ‘ಟರ್ಮಿನಲ್ ಮಾನಿಟರ್’ ಕೊಡಬೇಕು. ಇದು ಗೊತ್ತಿಲ್ಲದೆ ನಾನು ಅರ್ಧ ಗಂಟೆ ಸುಮ್ನೆ ಖಾಲಿ ಪರದೆ ನೋಡುತ್ತಾ ಕೂತಿದ್ದೆ.

ಎನ್‌ಟಿಪಿ ಹಾಕಿ, ಟೈಮ್ ಝೋನ್ 5 ಗಂಟೆ 30 ನಿಮಿಷಕ್ಕೆ ಸರಿ ಮಾಡಿ ಬಂದೆ. ವಾರ ಬಿಟ್ಟು ನೋಡಿದರೆ ಏಳನೇ ಪೋರ್ಟಿನ ಆ ‘ಎರರ್’ ದಿನಾ ಸಂಜೆ ಐದೂಕಾಲರ ಆಸುಪಾಸಿಗೇ ಬರುತ್ತಿತ್ತು. ಲೆಕ್ಕ ಬರೆಯುವ ಅಕ್ಕ ಕಂಪ್ಯೂಟರ್ ಆಫ್ ಮಾಡಿ ಕುಂಬಳೆ ಬಸ್ಸಿಗೆ ಹೊರಡುವ ಹೊತ್ತು ಅದು.