‘ಹತ್ತಿರ’ವನ್ನು ಹುಡುಕುವ ಕಷ್ಟ: ಭೌಗೋಳಿಕ ಡೇಟಾಬೇಸ್‌ಗಳು ಬೆಳೆದುಬಂದ ಬಗೆ

ಹೆಸರುಗಳನ್ನು ಅಕಾರಾದಿಯಾಗಿಯೂ ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿಯೂ ಜೋಡಿಸಿಟ್ಟರೆ ಬೇಕಾದದ್ದನ್ನು ಹುಡುಕುವುದು ಕಂಪ್ಯೂಟರಿಗೆ ಸುಲಭ; ನಕ್ಷೆಯ ಮೇಲಿನ ಬಿಂದುಗಳಿಗೆ ಅಂಥ ಸಹಜವಾದ ಸಾಲು ಇಲ್ಲ. ಅಕ್ಷಾಂಶದ ಪ್ರಕಾರ ಜೋಡಿಸಿದರೆ ಸಾವಿರಾರು ಕಿಲೋಮೀಟರ್ ಅಂತರದ ಎರಡು ಸ್ಥಳಗಳು ಅಕ್ಕಪಕ್ಕ ಬಂದು ಕೂರುತ್ತವೆ, ತುಸುವೇ ಉತ್ತರಕ್ಕಿರುವ ನೆರೆಯ ಸ್ಥಳವು ಪಟ್ಟಿಯಲ್ಲಿ ಎಲ್ಲೋ ದೂರ ಸರಿಯುತ್ತದೆ.

1960ರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್ ಅವರ ಮುಂದಾಳತ್ವದಲ್ಲಿ ಕೆನಡಾದ ಭೂಬಳಕೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸತೊಡಗಿದವರಿಗೆ ಈ ತೊಡಕು ಮೊದಲಿಗೇ ಎದುರಾಯಿತು, ಏಕೆಂದರೆ ಅಂದಿನ ಕಾಂತೀಯ ಟೇಪನ್ನು ಆರಂಭದಿಂದ ಕೊನೆಯವರೆಗೆ ಓದುತ್ತ ಹೋಗಬೇಕಿತ್ತು. ಐಬಿಎಮ್‌ನ ಜಿ. ಎಮ್. ಮಾರ್ಟನ್ 1966ರಲ್ಲಿ ಸೂಚಿಸಿದ ಉಪಾಯ ಇಂದಿಗೂ ಬೆರಗು ಹುಟ್ಟಿಸುವಷ್ಟು ಸರಳವಾಗಿದೆ: ನಕ್ಷೆಯ ಪ್ರತಿ ಚೌಕದ ಅಡ್ಡ ಮತ್ತು ಉದ್ದ ಸಂಖ್ಯೆಗಳ ದ್ವಿಮಾನ ಅಂಕಿಗಳನ್ನು (0 ಮತ್ತು 1) ಒಂದು ಬಿಟ್ಟು ಒಂದರಂತೆ ಹೆಣೆದು ಒಂದೇ ಸಂಖ್ಯೆಯಾಗಿಸಿದರೆ, ನೆರೆಯ ಚೌಕಗಳು ಬಹುಮಟ್ಟಿಗೆ ಟೇಪಿನಲ್ಲಿಯೂ ನೆರೆಯಲ್ಲೇ ಉಳಿಯುತ್ತವೆ.

1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ, ಮಾಹಿತಿಯನ್ನು ಸಾಲು-ಕಂಬಗಳಲ್ಲಿ ಇಡುವ ಕೋಷ್ಟಕ ಮಾದರಿ ಕಚೇರಿಯ ಲೆಕ್ಕಗಳಿಗೆ ಹೊಂದಿತೇ ಹೊರತು ಆಕಾರಗಳಿಗೆ ಅಷ್ಟಾಗಿ ಒಗ್ಗಲಿಲ್ಲ. ಹಾಗಾಗಿ 1982ರ ಆರ್ಕ್‌ಇನ್ಫೋದಂಥ ತಂತ್ರಾಂಶಗಳು ಆಕಾರವನ್ನು ಒಂದೆಡೆ, ವಿವರವನ್ನು ಇನ್ನೊಂದೆಡೆ ಇಟ್ಟವು; ಮುಂದೆ ಬಂದ, ನಕ್ಷೆಯ ಮಾಹಿತಿಯನ್ನು ಇಡುವ ಶೇಪ್‌ಫೈಲ್ ಎಂಬ ರೂಪ ಕೂಡ ಕನಿಷ್ಠ ಮೂರು ಕಡತಗಳ ಗುಂಪೇ, ಅದರಲ್ಲಿ ಒಂದು ತಪ್ಪಿಹೋದರೂ ಉಳಿದವು ಅರ್ಧಂಬರ್ಧ.

1984ರಲ್ಲಿ ಆಂಟೊನಿನ್ ಗಟ್ಮನ್ ಪ್ರಕಟಿಸಿದ ಆರ್-ಟ್ರೀ, ಮರದಂತೆ ಕವಲೊಡೆಯುವ ಹುಡುಕು-ಸೂಚಿ, ನಿಜವಾದ ತಿರುವು. ಅದು ಪ್ರತಿ ಆಕಾರಕ್ಕೂ ಅದನ್ನು ಪೂರ್ತಿಯಾಗಿ ಸುತ್ತುವರಿಯುವ ಅತಿ ಚಿಕ್ಕ ಆಯತವನ್ನು ಗೊತ್ತುಮಾಡುತ್ತದೆ. ಹತ್ತಿರದ ಆಯತಗಳನ್ನು ಇನ್ನೂ ದೊಡ್ಡ ಆಯತದೊಳಗೆ, ಅವನ್ನು ಮತ್ತೂ ದೊಡ್ಡದರೊಳಗೆ ಸೇರಿಸುತ್ತ ಹೋಗುತ್ತದೆ. ಪ್ರಶ್ನೆ ಬಂದಾಗ ಸಂಬಂಧವಿಲ್ಲದ ಕೊಂಬೆಗಳನ್ನು ಮುಟ್ಟದೆಯೇ ಬಿಟ್ಟು, ಉಳಿದ ಕೆಲವೇ ಆಕಾರಗಳ ಮೇಲೆ ನಿಖರವಾದ, ದುಬಾರಿಯಾದ ಲೆಕ್ಕ ನಡೆಸಿದರೆ ಸಾಕು. ಆಯತಗಳು ಒಂದರ ಮೇಲೊಂದು ಚಾಚಿಕೊಂಡಷ್ಟೂ ಈ ಲಾಭ ಕರಗುತ್ತದೆ. ನಂತರದ ಸುಧಾರಣೆಗಳಲ್ಲಿ ಹಲವು ಆ ಚಾಚುವಿಕೆಯನ್ನು ಕಡಿಮೆ ಮಾಡಲೆಂದೇ ಬಂದವು.

1994ರಲ್ಲಿ ಸ್ಥಾಪನೆಯಾದ, ಭೌಗೋಳಿಕ ಮಾಹಿತಿ ವ್ಯವಸ್ಥೆಗಳಿಗೆ (ಜಿಐಎಸ್) ಮಾನಕ ರೂಪಿಸುವ ಓಪನ್ ಜಿಐಎಸ್ ಕನ್ಸಾರ್ಟಿಯಂ ಎಂಬ ಒಕ್ಕೂಟ ಬಿಂದು, ರೇಖೆ, ಬಹುಭುಜಗಳನ್ನು ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಹೇಗೆ ಹೇಳಬೇಕೆಂಬ ಮಾನಕವನ್ನು ರೂಪಿಸಿತು. 2001ರಲ್ಲಿ ಹೊರಬಂದ ಪೋಸ್ಟ್‌ಜಿಐಎಸ್, ಮುಕ್ತ ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನೊಳಗೇ ಆಕಾರಕ್ಕೂ ವಿವರಕ್ಕೂ ಒಂದೇ ಸಾಲಿನಲ್ಲಿ ಜಾಗ ಕೊಟ್ಟಿತು.

ಆದರೂ ಭೂಮಿ ಚಪ್ಪಟೆಯಲ್ಲ. ರೇಖಾಂಶದ ಒಂದು ಡಿಗ್ರಿ ಭೂಮಧ್ಯರೇಖೆಯಲ್ಲಿ ಸುಮಾರು 111 ಕಿಲೋಮೀಟರ್ ಇದ್ದರೆ 60ನೇ ಅಕ್ಷಾಂಶದಲ್ಲಿ ಅದರ ಅರ್ಧದಷ್ಟೇ. ಗೋಳದ ಮೇಲೆಯೇ ಅಳೆಯಬಲ್ಲ ‘ಜಿಯೋಗ್ರಫಿ’ ಎಂಬ ಪ್ರತ್ಯೇಕ ದತ್ತಾಂಶದ ಬಗೆ ಪೋಸ್ಟ್‌ಜಿಐಎಸ್‌ಗೆ ಸೇರಿದ್ದು 2010ರಲ್ಲಿ. ಎಲ್ಲವನ್ನೂ ಚಪ್ಪಟೆ ಸಮತಲದ ಮೇಲೆ ಎಣಿಸುವ ಹಳೆಯ ಬಗೆಯಲ್ಲಿ ಅಕ್ಷಾಂಶ-ರೇಖಾಂಶಗಳನ್ನಿಟ್ಟು ದೂರ ಕೇಳಿದವರಿಗೆ ಇಂದಿಗೂ ಉತ್ತರ ಸಿಗುವುದು ಡಿಗ್ರಿಗಳಲ್ಲೇ.