ಪ್ರೋಗ್ರಾಮರ್ ಅಲ್ಲದವರ ಪ್ರೋಗ್ರಾಂಗಳಿಗೆ ಎಐ ಬಂದಾಗ

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ ಕೋಡ್ ಬರೆಯುವವರನ್ನು ಎರಡು ಬೇರೆ ಬೇರೆ ಉದ್ಯೋಗಗಳಲ್ಲಿ ಎಣಿಸುತ್ತದೆ. ಇನ್ನೊಬ್ಬರು ಮಾಡಿಕೊಟ್ಟ ವಿನ್ಯಾಸವನ್ನು ಕೋಡ್‌ಗೆ ಇಳಿಸುವವರು ‘ಕಂಪ್ಯೂಟರ್ ಪ್ರೋಗ್ರಾಮರ್’. ಏನನ್ನು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದನ್ನೂ ತಾವೇ ಯೋಚಿಸುವವರು ‘ಸಾಫ್ಟ್‌ವೇರ್ ಡೆವಲಪರ್’. 2023ರಿಂದ 2033ರವರೆಗಿನ ಇಲಾಖೆಯ ಅಂದಾಜಿನ ಪ್ರಕಾರ ಮೊದಲ ಗುಂಪು ಶೇ 10ರಷ್ಟು ಕುಗ್ಗಲಿದೆ, ಸಾಫ್ಟ್‌ವೇರ್ ಪರೀಕ್ಷಕರೂ ಸೇರಿದ ಎರಡನೆಯ ಗುಂಪು ಶೇ 17ರಷ್ಟು ಬೆಳೆಯಲಿದೆ. ಎಐ ಬಂದ ಮೇಲೆ ಪ್ರೋಗ್ರಾಮಿಂಗ್ ಏನಾಗುತ್ತದೆ ಎಂಬ ಚರ್ಚೆ ಹೆಚ್ಚಾಗಿ ಈ ಎರಡು ಗುಂಪುಗಳನ್ನೇ ಸುತ್ತುತ್ತದೆ. ಕೋಡ್ ಬರೆಯುವವರಲ್ಲಿ ಬಹುಪಾಲು ಜನ ಮಾತ್ರ ಈ ಎರಡರಲ್ಲೂ ಇಲ್ಲ.

2005ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2012ರ ಅಮೆರಿಕವನ್ನು ಕುರಿತು ಒಂದು ಲೆಕ್ಕ ಹಾಕಿದ್ದರು. ವೃತ್ತಿಪರ ಪ್ರೋಗ್ರಾಮರ್‌ಗಳು 30 ಲಕ್ಷವನ್ನೂ ಮುಟ್ಟುವುದಿಲ್ಲ. ಬೇರೆ ಉದ್ಯೋಗದಲ್ಲಿದ್ದೂ ‘ನಾನು ಪ್ರೋಗ್ರಾಂ ಬರೆಯುತ್ತೇನೆ’ ಎನ್ನುವವರು 1.3 ಕೋಟಿ ದಾಟುತ್ತಾರೆ. ಸ್ಪ್ರೆಡ್‌ಶೀಟ್ ಅಥವಾ ಡೇಟಾಬೇಸ್ ಬಳಸುವವರು 5.5 ಕೋಟಿಗೂ ಹೆಚ್ಚು. ಎಐ ಬಿಸಿ ಯಾರಿಗೆ ತಟ್ಟುತ್ತದೆ ಎಂದು ಕೇಳುವಾಗ ಈ ಕೋಟಿಗಳ ಲೆಕ್ಕದವರನ್ನು ಬಿಟ್ಟುಬಿಡುವುದು ದೊಡ್ಡ ತಪ್ಪು.

ಹಾಗೆ ನೋಡಿದರೆ ಪ್ರೋಗ್ರಾಮಿಂಗ್ ಒಂದು ಪ್ರತ್ಯೇಕ ಉದ್ಯೋಗವಾಗಿಯೇ ಉಳಿಯಬೇಕೆಂದು ಎಲ್ಲರೂ ಬಯಸಿರಲಿಲ್ಲ. 1957ರಲ್ಲಿ ಐಬಿಎಂನಿಂದ ಹೊರಬಂದ ಫೋರ್ಟ್ರಾನ್‌ನ ಗುರಿ, ವಿಜ್ಞಾನಿಗಳು ತಮ್ಮ ಸಮೀಕರಣಗಳನ್ನು ಹೆಚ್ಚುಕಡಿಮೆ ಸಮೀಕರಣದಂತೆಯೇ ಬರೆಯಲಿ ಎಂಬುದು. ಕೊಬೋಲ್ ಅದೇ ಸವಲತ್ತನ್ನು ಕಚೇರಿ ಲೆಕ್ಕಗಳಿಗೆ ಕೊಟ್ಟಿತು. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಸ್ ಬೇಸಿಕ್ ಭಾಷೆಯನ್ನು ರೂಪಿಸಿದ್ದು ವಿಜ್ಞಾನ ಓದದ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು.

ಕಾರ್ಖಾನೆಯ ಉದಾಹರಣೆ ಇನ್ನೂ ಅರ್ಥಪೂರ್ಣ. ಕಾರಿನ ಮಾದರಿ ಬದಲಾದಾಗಲೆಲ್ಲ ನೂರಾರು ರಿಲೇಗಳಿದ್ದ (ವಿದ್ಯುತ್ತಿನಿಂದ ಚಲಿಸುವ ಸ್ವಿಚ್‌ಗಳಿದ್ದ) ಪ್ಯಾನೆಲ್‌ಗಳ ವೈರಿಂಗನ್ನು ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ಇದರಿಂದ ಬೇಸತ್ತ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ 1968ರಲ್ಲಿ ಪರ್ಯಾಯ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರ ಮೋಡಿಕಾನ್ 084 ಎಂಬ ಪಿಎಲ್‌ಸಿ, ಅಂದರೆ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್, ಬಂದದ್ದು ಆಗ. ಅದರ ಪ್ರೋಗ್ರಾಂ ಎಲೆಕ್ಟ್ರಿಷಿಯನ್‌ಗಳಿಗೆ ಮೊದಲೇ ಪರಿಚಯವಿದ್ದ ರಿಲೇ ನಕ್ಷೆಯ ರೂಪದಲ್ಲಿತ್ತು: ಎರಡು ಬದಿಗೆ ಎರಡು ಗೆರೆ, ನಡುವೆ ಏಣಿಯ ಮೆಟ್ಟಿಲಿನಂತೆ ಕಾಂಟ್ಯಾಕ್ಟ್ ಮತ್ತು ಕಾಯಿಲ್‌ಗಳ ಗುರುತುಗಳು. ಇದಕ್ಕೇ ‘ಲ್ಯಾಡರ್’ ಎಂದು ಹೆಸರು. ನಡುರಾತ್ರಿ ಯಂತ್ರ ನಿಂತರೆ ಪಾಳಿಯಲ್ಲಿದ್ದ ಎಲೆಕ್ಟ್ರಿಷಿಯನ್ನೇ ಪ್ರೋಗ್ರಾಂ ಓದಿ ದೋಷ ಹುಡುಕಬಹುದಿತ್ತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ತಂದ ವಿಸಿಕ್ಯಾಲ್ಕ್ ಕೂಡ ಇದನ್ನೇ ಮಾಡಿತು. ಲೆಕ್ಕಿಗರ ಕಣ್ಣಿಗೆ ಕಂಡದ್ದು ಸಾಲು, ಕಾಲಂಗಳ ಲೆಡ್ಜರ್ ಹಾಳೆ. ಆದರೆ ಒಂದು ಕೋಶದ ಸೂತ್ರ ಇನ್ನೊಂದನ್ನು ನಂಬಿ ನಿಂತಿದ್ದರಿಂದ ಅದು ಪ್ರೋಗ್ರಾಮೇ ಆಗಿತ್ತು.

ಹೀಗೆ ಪ್ರೋಗ್ರಾಮಿಂಗ್ ಹೊಸದೊಂದು ಕಸುಬಿಗೆ ಕಾಲಿಟ್ಟಾಗಲೆಲ್ಲ ಆ ಕಸುಬಿನ ಬರವಣಿಗೆಯನ್ನೇ ತನ್ನದಾಗಿಸಿಕೊಂಡಿತು. ಬರೆದವನಿಗೆ ಓದಲೂ ಬರುತ್ತಿತ್ತು.

ಓದಲು ಬಂದ ಮಾತ್ರಕ್ಕೆ ತಪ್ಪು ತಪ್ಪಲಿಲ್ಲ ಎನ್ನುವುದೂ ನಿಜ. ಸೆಪ್ಟ್2, ಮಾರ್ಚ್1 ಎಂಬ ವಂಶವಾಹಿಗಳ ಹೆಸರುಗಳನ್ನು ಎಕ್ಸೆಲ್ ಸದ್ದಿಲ್ಲದೆ ತಾರೀಖುಗಳಾಗಿ ಬದಲಿಸುತ್ತಿತ್ತು. ಕೊನೆಗೆ ಮಣಿದದ್ದು ಜೀವವಿಜ್ಞಾನ. 2020ರಲ್ಲಿ ಆ ವಂಶವಾಹಿಗಳ ಅಧಿಕೃತ ಹೆಸರುಗಳನ್ನೇ ಬದಲಿಸಲಾಯಿತು. ಅದೇ ವರ್ಷ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಿಕ ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಎಕ್ಸೆಲ್ ಕಡತದಲ್ಲಿ 65,536ಕ್ಕಿಂತ ಹೆಚ್ಚು ಸಾಲುಗಳಿಗೆ ಜಾಗವಿರಲಿಲ್ಲ. ತುಂಬಿದ ಮೇಲೆ ಬಂದ ದತ್ತಾಂಶ ಕಳೆದುಹೋಯಿತು, ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಅಷ್ಟು ತಡವಾಯಿತು. ಎರಡೂ ಕಡೆ ಎರರ್ ಸಂದೇಶ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನು ಯಾವ ಉದ್ಯೋಗಕ್ಕೆ ಯಂತ್ರದ ಅಪಾಯ ಎಷ್ಟು ಎಂದು ಅಳೆಯುವ ಪ್ರಯತ್ನಗಳ ಕಥೆ. 2013ರಲ್ಲಿ ಆಕ್ಸ್‌ಫರ್ಡ್‌ನ ಫ್ರೇ ಮತ್ತು ಆಸ್ಬೋರ್ನ್ 702 ಉದ್ಯೋಗಗಳಿಗೆ ಯಾಂತ್ರೀಕರಣದ ಸಂಭವನೀಯತೆ ಕಟ್ಟಿದರು. ಕಂಪ್ಯೂಟರ್ ಪ್ರೋಗ್ರಾಮರ್‌ಗೆ ಸಿಕ್ಕ ಅಂಕ 0.48, ಅಪ್ಲಿಕೇಶನ್ ಡೆವಲಪರ್‌ಗೆ 0.042. ಒಂದೇ ಕೋಣೆಯಲ್ಲಿ ಕೂರುವ ಇಬ್ಬರ ನಡುವೆ ಹತ್ತು ಪಟ್ಟಿಗೂ ಮಿಕ್ಕ ಅಂತರ! ಉದ್ಯೋಗದ ಹೆಸರಿಗೆ ಅಂಕ ಕೊಟ್ಟರೆ ಹೀಗೇ ಆಗುತ್ತದೆ. ಅಮೆರಿಕದ ಉದ್ಯೋಗಗಳ ಮಾಹಿತಿ ಕೋಶವಾದ ಒ-ನೆಟ್ ಪ್ರೋಗ್ರಾಮಿಂಗನ್ನು 35 ಕೌಶಲಗಳಲ್ಲಿ ಒಂದಾಗಿ ಪರಿಗಣಿಸಿ, ಪ್ರತಿ ಉದ್ಯೋಗಕ್ಕೂ ಅದು ಎಷ್ಟು ಬೇಕು ಎಂದು ದಾಖಲಿಸುತ್ತದೆ. ಈ ಕೋಶವನ್ನು ಆಧರಿಸಿದ 2023ರ ಅಧ್ಯಯನವೊಂದರಲ್ಲಿ ಓಪನ್‌ಎಐ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡದ್ದಿಷ್ಟು: ಪ್ರೋಗ್ರಾಮಿಂಗ್ ಮತ್ತು ಬರವಣಿಗೆ ಹೆಚ್ಚು ಬೇಕಾದ ಉದ್ಯೋಗಗಳನ್ನು ಭಾಷಾ ಮಾದರಿಗಳು (ಚಾಟ್‌ಜಿಪಿಟಿಯಂಥ ಎಐಗಳು) ಹೆಚ್ಚು ತಾಕುತ್ತವೆ, ವಿಜ್ಞಾನ ಮತ್ತು ವಿಮರ್ಶಾತ್ಮಕ ಚಿಂತನೆ ಹೆಚ್ಚು ಬೇಕಾದವನ್ನು ಕಡಿಮೆ. ಗುಣಮಟ್ಟ ಕೆಡದೆ ಒಂದು ಕೆಲಸದ ಸಮಯವನ್ನು ಕನಿಷ್ಠ ಅರ್ಧಕ್ಕೆ ಇಳಿಸಲು ಸಾಧ್ಯವೇ ಎಂಬುದು ಅವರ ಅಳತೆಗೋಲು. ಆದರೆ ಗುಣಮಟ್ಟ ಕೆಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳುವವರು ಯಾರು ಎಂಬುದಕ್ಕೆ ಆ ಅಳತೆಯಲ್ಲಿ ಜಾಗವಿಲ್ಲ.

2021ರಲ್ಲಿ ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದವು. ಈಗ ಆಡುಮಾತಿನಲ್ಲಿ ಕೇಳಿದರೆ ಸಾಕು. ಉತ್ತರ ಮಾತ್ರ ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರುತ್ತದೆ. ಕೇಳುವುದು ಹಿಂದೆಂದಿಗಿಂತ ಸುಲಭವಾಯಿತು, ಸಿಕ್ಕಿದ್ದನ್ನು ಓದುವುದು ಕಸುಬಿನವರ ಕೈಮೀರಿತು.

ಲೆಕ್ಕಪತ್ರದ ಉದಾಹರಣೆ ತೆಗೆದುಕೊಳ್ಳಿ. ಬಿಲ್ಲುಗಳ ಪಟ್ಟಿಗೆ ಗ್ರಾಹಕರ ಪಟ್ಟಿಯನ್ನು ಜೋಡಿಸಬೇಕು. ಎಕ್ಸೆಲ್‌ನಲ್ಲಿ ಇದಕ್ಕೆ ಬಳಸುವ ವಿಲುಕಪ್ ಸೂತ್ರ ಮೊದಲು ಹೊಂದಿದ ಸಾಲನ್ನಷ್ಟೇ ಎತ್ತಿಕೊಳ್ಳುವುದರಿಂದ ಬಿಲ್ಲುಗಳ ಸಂಖ್ಯೆ ಹಾಗೇ ಉಳಿಯುತ್ತದೆ. ಎಐ ಬರೆದುಕೊಡುವ ಪೈಥಾನ್ ಕೋಡ್‌ನಲ್ಲಿ ಈ ಕೆಲಸ ಮಾಡುವ, ಪಾಂಡಾಸ್ ಎಂಬ ಉಪಕರಣದ ‘ಮರ್ಜ್’ ಆಜ್ಞೆ ಹಾಗಲ್ಲ. ಒಬ್ಬ ಗ್ರಾಹಕನ ಸಂಖ್ಯೆ ಪಟ್ಟಿಯಲ್ಲಿ ಎರಡು ಸಲ ಇದ್ದರೆ ಆತನ ಪ್ರತಿ ಬಿಲ್ಲೂ ಎರಡಾಗಿ ಒಟ್ಟು ಮೊತ್ತ ಉಬ್ಬುತ್ತದೆ. ಕೋಡ್ ತಕರಾರಿಲ್ಲದೆ ಓಡಿ ಮುಗಿದಿರುತ್ತದೆ. ಜೋಡಿಸುವ ಮುಂಚೆ ಮತ್ತು ಆಮೇಲೆ ಸಾಲುಗಳನ್ನು ಎಣಿಸಿ, ಮೊತ್ತ ತಾಳೆ ನೋಡಿದರೆ ಇದು ಸಿಕ್ಕಿಬೀಳುತ್ತದೆ. ಮರ್ಜ್‌ನಲ್ಲೇ ಇರುವ ‘ವ್ಯಾಲಿಡೇಟ್’ ಆಯ್ಕೆ ಬಳಸಿ, ಗ್ರಾಹಕರ ಪಟ್ಟಿಯಲ್ಲಿ ಪ್ರತಿ ಸಂಖ್ಯೆ ಒಂದೇ ಸಲ ಇದೆಯೇ ಎಂದು ಪರೀಕ್ಷಿಸು ಎಂದು ಎಐಗೆ ಹೇಳಿದರೆ ಇಂಥ ಜೋಡಣೆ ಎರರ್ ಕೊಟ್ಟು ನಿಲ್ಲುತ್ತದೆ.

ಪಿಎಲ್‌ಸಿಯಲ್ಲಿ ತೊಡಕು ಇನ್ನೊಂದು ಬಗೆಯದು. ಪಿಎಲ್‌ಸಿ ಭಾಷೆಗಳ ಅಂತರರಾಷ್ಟ್ರೀಯ ಮಾನಕವಾದ ಐಇಸಿ 61131-3ರಲ್ಲಿ ಲ್ಯಾಡರ್ ಜೊತೆಗೆ ಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂಬ ಪಠ್ಯರೂಪದ ಭಾಷೆಯೂ ಇದೆ. ಲ್ಯಾಡರ್ ಚಿತ್ರವಾದ್ದರಿಂದ ಭಾಷಾ ಮಾದರಿಗಳಿಗೆ ಒಗ್ಗುವುದು ಎರಡನೆಯದೇ, ಎಲೆಕ್ಟ್ರಿಷಿಯನ್‌ಗೆ ಒಗ್ಗದಿರುವುದೂ ಅದೇ. ‘ಮ್ಯಾನ್ಯುಯಲ್ ಮೋಡ್ ಸೇರಿಸು’ ಎಂದು ಕೇಳಿದಾಗ ಮೋಟಾರಿನ ಔಟ್‌ಪುಟ್‌ಗೆ ಕೆಳಗೆಲ್ಲೋ ಎರಡನೇ ಸಲ ಬೆಲೆ ಕೊಟ್ಟ ಕೋಡ್ ಬರಬಹುದು. ಪಿಎಲ್‌ಸಿ ಪ್ರತಿ ಸುತ್ತಿನಲ್ಲೂ ಇನ್‌ಪುಟ್‌ಗಳನ್ನು ಓದಿ, ಪ್ರೋಗ್ರಾಮನ್ನು ಮೇಲಿನಿಂದ ಕೆಳಗೆ ನಡೆಸಿ, ಕೊನೆಯಲ್ಲಿ ಔಟ್‌ಪುಟ್‌ಗಳನ್ನು ಬರೆಯುತ್ತದೆ. ಹಾಗಾಗಿ ಕೆಳಗಿನ ಸಾಲು ಹೇಳಿದ್ದೇ ಉಳಿಯುತ್ತದೆ, ಆಟೋ ಮೋಡ್‌ನಲ್ಲಿ ಮೋಟಾರು ಏಳುವುದೇ ಇಲ್ಲ. ಪ್ರತಿ ಔಟ್‌ಪುಟ್ ಎಷ್ಟು ಕಡೆ ಬರೆಯಲ್ಪಟ್ಟಿದೆ ಎಂದು ಕ್ರಾಸ್ ರೆಫರೆನ್ಸ್ ಪಟ್ಟಿಯಲ್ಲಿ ಹುಡುಕಿ, ಎರಡೂ ಷರತ್ತುಗಳನ್ನು ಒಂದೇ ಕಡೆ ‘ಅಥವಾ’ ಎಂದು ಸೇರಿಸುವುದೇ ಪರಿಹಾರ. ತುರ್ತು ನಿಲುಗಡೆಯ ಗುಂಡಿಯನ್ನಂತೂ ಇಂಥ ಕೋಡ್‌ಗೆ ಒಪ್ಪಿಸಲೇಬಾರದು, ಅದು ಸೇಫ್ಟಿ ರಿಲೇಯಂಥ ಪ್ರತ್ಯೇಕ ಸುರಕ್ಷತಾ ವ್ಯವಸ್ಥೆಯಲ್ಲಿರಬೇಕು.

ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರದಲ್ಲಿ ತಪ್ಪಿನ ಬೆಲೆ ಮುರಿದ ಟೂಲ್, ಕೆಟ್ಟ ಸ್ಪಿಂಡಲ್. ಅದಕ್ಕೆ ಆಜ್ಞೆ ಕೊಡುವ ಜಿ-ಕೋಡ್ ನೋಡಲು ಎಲ್ಲೆಡೆ ಒಂದೇ, ಆದರೆ ಕಂಟ್ರೋಲರ್‌ನಿಂದ ಕಂಟ್ರೋಲರ್‌ಗೆ ವಿವರ ಬದಲಾಗುತ್ತದೆ. ದಶಮಾಂಶ ಬಿಂದು ಇಲ್ಲದ ‘ಎಕ್ಸ್10’ ಎಂಬುದನ್ನು ಕೆಲವು ಕಂಟ್ರೋಲರ್‌ಗಳು 10 ಮಿ.ಮೀ. ಎಂದು ಓದಿದರೆ ಕೆಲವು 0.01 ಮಿ.ಮೀ. ಎಂದು ಓದುತ್ತವೆ. ಎಐ ಕೊಟ್ಟ ಪ್ರೋಗ್ರಾಮಿನಲ್ಲಿ ಮೊದಲು ಜಿ20 ಇದೆಯೋ ಜಿ21 ಇದೆಯೋ, ಅಂದರೆ ಇಂಚೋ ಮಿಲಿಮೀಟರೋ ನೋಡಬೇಕು. ಆಮೇಲೆ ಟೂಲ್ ಉದ್ದವನ್ನು ಲೆಕ್ಕಕ್ಕೆ ತರುವ ಜಿ43 ಮತ್ತು ಆ ಟೂಲಿನ ಸರಿಯಾದ ಎಚ್ ಸಂಖ್ಯೆ, ಕೊರೆಯುವ ತುಂಡು (ಜಾಬ್) ಎಲ್ಲಿದೆ ಎಂದು ಹೇಳುವ ವರ್ಕ್ ಆಫ್‌ಸೆಟ್‌ನ ಜಿ54. ಸಿಮ್ಯುಲೇಟರ್ ದಾಟಿದ ಮೇಲೂ ಆಫ್‌ಸೆಟನ್ನು ಜಾಬ್‌ಗಿಂತ ಸಾಕಷ್ಟು ಮೇಲಕ್ಕೆ ಎತ್ತಿ, ರ್‍ಯಾಪಿಡ್ ವೇಗ ತಗ್ಗಿಸಿ, ಒಂದೊಂದೇ ಸಾಲು ನಡೆಸುವ ಸಿಂಗಲ್ ಬ್ಲಾಕ್‌ನಲ್ಲಿ ಗಾಳಿಯಲ್ಲೇ ಒಮ್ಮೆ ಓಡಿಸಬೇಕು.

ವೃತ್ತಿಪರ ಪ್ರೋಗ್ರಾಮರ್‌ಗಳ ಬಳಿ ಟೆಸ್ಟ್‌ಗಳಿವೆ, ಹಳೆಯ ಆವೃತ್ತಿಗೆ ಮರಳುವ ದಾರಿಯಿದೆ, ಇನ್ನೊಬ್ಬರು ಓದಿ ಒಪ್ಪುವ ಪದ್ಧತಿಯಿದೆ. ಆದರೂ 2025ರಲ್ಲಿ ಮೀಟರ್ ಎಂಬ ಸಂಶೋಧನಾ ಸಂಸ್ಥೆ 16 ಅನುಭವಿ ಡೆವಲಪರ್‌ಗಳನ್ನು ಅವರದೇ ಯೋಜನೆಗಳಲ್ಲಿ ಪರೀಕ್ಷಿಸಿದಾಗ, ಎಐ ಬಳಸಿದ ಕೆಲಸಗಳಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ತಾವು ಶೇ 20ರಷ್ಟು ಬೇಗ ಮುಗಿಸಿದೆವು ಎಂದು ಅವರು ನಂಬಿದ್ದರು. ಸಣ್ಣ ಅಧ್ಯಯನ, ಉಪಕರಣಗಳೂ ವೇಗವಾಗಿ ಬದಲಾಗುತ್ತಿವೆ, ನಿಜ. ಆದರೆ ಸಮಯವನ್ನೇ ಸರಿಯಾಗಿ ಅಂದಾಜಿಸಲಾಗದಿದ್ದರೆ, ಉಳಿತಾಯದ ಮೇಲೆ ನಿಂತ ಅಳತೆಗಳನ್ನು ಎಚ್ಚರದಿಂದಲೇ ಓದಬೇಕಾಗುತ್ತದೆ.

ವೃತ್ತಿಪರರ ಟೆಸ್ಟ್‌ಗಳಂಥ ಈ ವ್ಯವಸ್ಥೆಗಳಿಲ್ಲದ ಕಚೇರಿ, ಪ್ರಯೋಗಾಲಯಗಳು ಅವುಗಳಲ್ಲಿ ಒಂದನ್ನಾದರೂ ಇಂದೇ ಎರವಲು ಪಡೆಯಬಹುದು. ಉತ್ತರ ಕೈಯಲ್ಲೇ ಲೆಕ್ಕಹಾಕಿದ ಹತ್ತಿಪ್ಪತ್ತು ಸಾಲುಗಳ ದತ್ತಾಂಶವನ್ನು ಕೋಡ್ ಕೇಳುವ ಮುಂಚೆಯೇ ಸಿದ್ಧಮಾಡಿಡಬೇಕು. ಅದರಲ್ಲಿ ಒಂದು ಖಾಲಿ ಕೋಶ, ಒಂದು ಪುನರಾವರ್ತಿತ ಸಂಖ್ಯೆ, ಸೊನ್ನೆಯಿಂದ ಶುರುವಾಗುವ ಒಂದು ಗುರುತಿನ ಸಂಖ್ಯೆ, ಒಂದು ಋಣ ಮೊತ್ತ ಇರಲಿ. ಎಐಗೆ ಕೇಳಿದ ಪ್ರಶ್ನೆ, ಅದು ಕೊಟ್ಟ ಕೋಡ್, ಈ ಸಾಲುಗಳು ಮೂರೂ ಒಂದೇ ಫೋಲ್ಡರಿನಲ್ಲಿದ್ದರೆ, ನಿಯಮ ಬದಲಾಗಿ ಕೋಡ್ ತಿದ್ದಿಸಿದ ದಿನ ನಿಜವಾದ ದತ್ತಾಂಶ ಮುಟ್ಟುವ ಮುಂಚೆ ಅದನ್ನು ಆ ಸಾಲುಗಳ ಮೇಲೆಯೇ ಮೊದಲು ಓಡಿಸಿ ನೋಡಬಹುದು.