ಸಾರಾಂಶ ಕಳಿಸಬೇಡಿ, ಸಾಲು ತೋರಿಸಿ

ಪರೀಕ್ಷೆ ಹತ್ತಿರ ಬಂತು ಅಂದರೆ ವಿದ್ಯಾರ್ಥಿಗಳ ನಡುವೆ ಓಡಾಡುವ ಪ್ರಶ್ನೆ ಒಂದೇ. 'ಈ ಪದ್ಯದ ಸಾರಾಂಶ ಯಾರ ಹತ್ರ ಇದೆ? ಕಳಿಸ್ರೋ.' ಯಾರೋ ಒಳ್ಳೆ ಮನಸ್ಸಿನವರು ತಾವು ಬರೆದಿಟ್ಟ ಪುಟದ ಫೋಟೊ ತೆಗೆದು ಕಳಿಸುತ್ತಾರೆ. ಎಲ್ಲರೂ ಅದನ್ನೇ ಇಳಿಸಿಕೊಳ್ಳುತ್ತಾರೆ. ಆಮೇಲೆ ಉತ್ತರ ಪತ್ರಿಕೆ ತಿದ್ದಲು ಕೂತ ನಮ್ಮಂಥವರಿಗೆ ಒಂದೇ ವಾಕ್ಯ ಬೇರೆ ಬೇರೆ ಕೈಬರಹದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಅದರಲ್ಲೊಂದು ಕಾಗುಣಿತದ ತಪ್ಪಿದ್ದರೆ ಅದೂ ಅಷ್ಟೂ ಕಡೆ ಇರುತ್ತದೆ.

ಕಾಪಿ ಹೊಡೆದರು ಅಂತ ಬೈಯಲು ನಾನಿದನ್ನು ಬರೆಯುತ್ತಿಲ್ಲ. ಸಹಾಯ ಕೇಳಿದ್ದೂ ಸರಿ, ಮಾಡಿದ್ದೂ ಸರಿ. ಏನನ್ನು ಕೊಟ್ಟರು ಅನ್ನುವುದರಲ್ಲಿ ತೊಂದರೆ ಇದೆ. ಸಾರಾಂಶ ಅಂದರೆ ಒಬ್ಬರು ಓದಿ ಮುಗಿಸಿದ ಮೇಲೆ ಅವರ ಹತ್ತಿರ ಉಳಿದದ್ದು. ಅದನ್ನು ಪಡೆದವರಿಗೆ ಓದುವ ಕೆಲಸವೇ ತಪ್ಪಿಹೋಗುತ್ತದೆ. ಗಣಿತದಲ್ಲಿ ಸ್ನೇಹಿತ ಬರೀ ಉತ್ತರ ಹೇಳಿದರೆ 'ಅದು ಹೆಂಗ್ ಬಂತು?' ಅಂತ ತಕ್ಷಣ ಕೇಳುತ್ತೇವೆ. ಪದ್ಯದ ವಿಷಯದಲ್ಲಿ ಯಾಕೋ ಯಾರೂ ಹಾಗೆ ಕೇಳುವುದಿಲ್ಲ.

ನನ್ನ ತರಗತಿಯಲ್ಲಿ ಇದಕ್ಕೆ ಒಂದೇ ನಿಯಮ ಇದೆ. ಪಕ್ಕದವರಿಗೆ ಅರ್ಥ ಹೇಳಬೇಡಿ. ಸಾಲು ತೋರಿಸಿ, ಇಲ್ಲವೇ ಪ್ರಶ್ನೆ ಕೇಳಿ. ಕೇಳೋಕೆ ಸುಲಭ, ಪಾಲಿಸೋದು ಕಷ್ಟ. ಅರ್ಥ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಜಾಣ ವಿದ್ಯಾರ್ಥಿಗಳಿಗೆ ದೊಡ್ಡ ಶಿಕ್ಷೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಗೈಡಿನಲ್ಲಿ ಸಿಗದ ಪದ್ಯ ಬೇಕು ಅಂತ ಕೆಲವೊಮ್ಮೆ ನಾನೇ ನಾಲ್ಕು ಸಾಲು ಗೀಚಿ ಕೊಡುತ್ತೇನೆ. ದೊಡ್ಡ ಕವಿತೆಯೇನಲ್ಲ, ಪಾಠಕ್ಕೆ ಸಾಕು.

ಬಾಗಿಲು ಮುಚ್ಚಿಲ್ಲ
ದೀಪ ಆರಿಸಿಲ್ಲ
ತಟ್ಟೆ ಎರಡು ತೊಳೆದಿಟ್ಟೆ
ಒಂದರಲ್ಲಿ ಉಂಡೆ

ಮೂರ್ನಾಲ್ಕು ಜನರ ಗುಂಪಿಗೆ ಇದನ್ನು ಕೊಟ್ಟರೆ ಮೊದಲ ನಿಮಿಷದಲ್ಲೇ ಯಾರೋ ಒಬ್ಬರು ತೀರ್ಪು ಕೊಟ್ಟುಬಿಡುತ್ತಾರೆ. 'ಗಂಡ ತೀರಿಹೋಗಿದಾನೆ. ಹೆಂಡತಿ ಇನ್ನೂ ಕಾಯ್ತಾ ಇದಾಳೆ.' ಉಳಿದವರು ತಲೆಯಾಡಿಸುತ್ತಾರೆ. ಅಲ್ಲಿಗೆ ಓದು ಮುಗೀತು. ಪಕ್ಕದವರು ಬಾಯಿ ಬಿಡಬೇಕಾದ್ದು ಇಲ್ಲೇ. 'ಗಂಡ ಅಂತ ಯಾವ ಸಾಲಲ್ಲಿದೆ?' ಹುಡುಕಿದರೆ ಎಲ್ಲೂ ಇಲ್ಲ. ಹೆಂಡತಿಯೂ ಇಲ್ಲ, ಸಾವೂ ಇಲ್ಲ. ಮಾತಾಡುತ್ತಿರುವವರು ಹೆಣ್ಣೋ ಗಂಡೋ ಅನ್ನುವುದಕ್ಕೂ ಆಧಾರವಿಲ್ಲ. 'ತೊಳೆದಿಟ್ಟೆ', 'ಉಂಡೆ' ಎರಡೂ 'ನಾನು' ಅನ್ನುವಷ್ಟನ್ನು ಮಾತ್ರ ಹೇಳುತ್ತವೆ. ತಟ್ಟೆ ತೊಳೆದವರು ಹೆಂಗಸೇ ಇರಬೇಕು ಅಂತ ಊಹಿಸಿಕೊಂಡವರು ನಾವು. ಒಮ್ಮೆ ಒಬ್ಬ ಹುಡುಗ 'ನಮ್ಮನೇಲಿ ಅಪ್ಪಾನೇ ತೊಳೆಯೋದು' ಅಂದ. ಅವನ ಗುಂಪು ಪದ್ಯವನ್ನು ಮತ್ತೆ ಮೊದಲಿನಿಂದ ಓದಿತು.

ಇನ್ನೂ ಮಜಾ ಆದದ್ದು ಕೊನೆಯ ಸಾಲಿನಲ್ಲಿ. ಒಬ್ಬಳು ಅದನ್ನು ತಿನ್ನುವ ಉಂಡೆ ಅಂತ ಓದಿದ್ದಳು. ಒಂದು ತಟ್ಟೆ ಖಾಲಿ, ಇನ್ನೊಂದರಲ್ಲಿ ಉಂಡೆ! ಎಲ್ಲರೂ ನಕ್ಕರು. ಆದರೆ ನಕ್ಕುಬಿಟ್ಟರೆ ಉತ್ತರ ಕೊಟ್ಟಂತೆ ಆಗುವುದಿಲ್ಲ, ಅಲ್ವಾ? ವ್ಯಾಕರಣದ ಲೆಕ್ಕದಲ್ಲಿ ಅವಳ ಓದು ತಪ್ಪೇನಲ್ಲ. 'ಯಾಕಾಗಲ್ಲ ಅಂತ ಪದ್ಯದಿಂದಲೇ ತೋರಿಸಿ' ಅಂದೆ. ಸ್ವಲ್ಪ ಹೊತ್ತು ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಅವಳ ಪಕ್ಕದವಳು ನಿಧಾನವಾಗಿ ಹೇಳಿದಳು. ಮುಚ್ಚಿಲ್ಲ, ಆರಿಸಿಲ್ಲ, ತೊಳೆದಿಟ್ಟೆ. ಮೂರೂ ಸಾಲು ಕ್ರಿಯಾಪದದಲ್ಲಿ ಮುಗಿದಿವೆ. ನಾಲ್ಕನೆಯದೂ ಹಾಗೇ ಮುಗಿದರೆ ಕೂಡಿಬರುತ್ತದೆ. ಉಂಡೆ ಅಂತ ಓದಿದವಳು ಸಾಲುಗಳ ಮೇಲೆ ಬೆರಳಾಡಿಸಿ ನೋಡಿ 'ಹೌದಲ್ಲೇ' ಅಂದಳು. ನಾನೇ ವಿವರಿಸಿದ್ದರೆ ಅವಳು ಸುಮ್ನೆ ಬರೆದುಕೊಳ್ಳುತ್ತಿದ್ದಳು ಅಷ್ಟೆ.

ಗುಂಪು ಹೀಗೆ ನಿಧಾನವಾದ ಮೇಲೆ ಪದ್ಯದಲ್ಲಿ ಜಾಸ್ತಿ ಕಾಣಿಸತೊಡಗುತ್ತದೆ. ಮೊದಲೆರಡು ಸಾಲಿನ ಕೆಲಸ ಇನ್ನೂ ಆಗಿಲ್ಲ. ಬಾಗಿಲು ತೆರೆದೇ ಇದೆ, ದೀಪ ಉರಿಯುತ್ತಲೇ ಇದೆ. ಕೊನೆಯೆರಡು ಸಾಲಿನ ಕೆಲಸ ಆಗಿಹೋಗಿದೆ. ಹಾಗಾದರೆ ಈ ವ್ಯಕ್ತಿ ಕಾಯುವುದನ್ನು ಬಿಟ್ಟಿದ್ದಾರೋ ಇಲ್ಲವೋ? ಊಟ ಮುಗಿಸಿಯಾಯಿತು, ಅಂದರೆ ಬಿಟ್ಟ ಹಾಗೆ. ಬಾಗಿಲು ಹಾಕಿಲ್ಲ, ಅಂದರೆ ಬಿಟ್ಟಿಲ್ಲ. ಈ ಎಳೆದಾಟ ಪದ್ಯದ ಒಳಗೇ ಇದೆ. ಬರಬೇಕಾದವರು ಸತ್ತಿದ್ದಾರೋ, ಜಗಳವಾಡಿ ಹೋಗಿದ್ದಾರೋ, ಬಸ್ಸು ತಪ್ಪಿ ತಡವಾಗಿದೆಯೋ ಅನ್ನುವುದನ್ನು ಪದ್ಯ ಹೇಳುವುದಿಲ್ಲ. ಇವುಗಳಲ್ಲಿ ಯಾವುದನ್ನೂ ತಳ್ಳಿಹಾಕುವುದೂ ಇಲ್ಲ.

ಅದಕ್ಕೇ ವಿದ್ಯಾರ್ಥಿಗಳಿಗೆ ಎರಡು ಮಾತನ್ನು ಬೇರೆ ಬೇರೆ ಇಟ್ಟುಕೊಳ್ಳಲು ಹೇಳುತ್ತೇನೆ. 'ಪದ್ಯ ಹೇಳುತ್ತೆ' ಒಂದು, 'ಪದ್ಯ ಬೇಡ ಅನ್ನಲ್ಲ' ಇನ್ನೊಂದು. ಮೊದಲನೆಯದನ್ನು ಧೈರ್ಯವಾಗಿ ಬರೆಯಬಹುದು. ಎರಡನೆಯದಕ್ಕೆ 'ಹೀಗೂ ಇರಬಹುದು' ಅಂತ ಸೇರಿಸಬೇಕು. ಗಂಡ ಸತ್ತ ಕಥೆಯೂ ಹಾಗೆ ಬರೆದರೆ ನಡೆಯುತ್ತದೆ. ಆದರೆ ಅದನ್ನೇ ಪದ್ಯದ ಅರ್ಥ ಅಂತ ಬರೆದರೆ ನಾನು ಕೆಂಪು ಪೆನ್ನು ಎತ್ತುತ್ತೇನೆ.

ಈ ಥರದ ಎಡವಟ್ಟು ಹೊಸದಲ್ಲ, ನಮ್ಮ ಮಕ್ಕಳದು ಮಾತ್ರವೂ ಅಲ್ಲ. 1920ರ ದಶಕದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಐ.ಎ. ರಿಚರ್ಡ್ಸ್ ಒಂದು ಪ್ರಯೋಗ ಮಾಡಿದರು. ಕವಿಗಳ ಹೆಸರು ತೆಗೆದು ಬರೀ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಹಂಚಿದರು. ಒಂದು ವಾರ ಓದಿ, ಅನಿಸಿದ್ದನ್ನು ಬರೆದು ಕೊಡಿ ಅಂದರು. ಹಾಗೆ ಬಂದ ಬರಹಗಳನ್ನು ಇಟ್ಟುಕೊಂಡು 13 ಕವಿತೆಗಳ ಮೇಲೆ 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಅನ್ನುವ ಪುಸ್ತಕ ತಂದರು. ಮೇಷ್ಟ್ರ ಕೆಲಸ ಬೇಜಾರಾದಾಗ ಓದಬೇಕಾದ ಪುಸ್ತಕ ಅದು. ಅಂಥ ಕಡೆ ಓದಿದವರೂ ಹೆಸರು ಕಾಣದಿದ್ದಾಗ ದೊಡ್ಡ ಕವಿಗಳ ಕವಿತೆಯನ್ನೇ ಕಳಪೆ ಅಂತ ಪಕ್ಕಕ್ಕಿಟ್ಟಿದ್ದರು. ರಿಚರ್ಡ್ಸ್ ಓದುಗರ ತೊಂದರೆಗಳ ಪಟ್ಟಿಯನ್ನೇ ಕೊಡುತ್ತಾರೆ. ಅದರಲ್ಲಿ ಮೊದಲನೆಯದು, ಕವಿತೆಯ ನೇರ ಅರ್ಥವೇ ಸಿಗದಿರುವುದು. ಓದುವವರ ಸ್ವಂತ ನೆನಪು ನುಗ್ಗಿ ಅಡ್ಡ ನಿಲ್ಲುವುದೂ ಆ ಪಟ್ಟಿಯಲ್ಲಿದೆ. ಮೊದಲೇ ತಯಾರಾಗಿರುವ ಭಾವನೆಯನ್ನು ಕವಿತೆಯ ಮೇಲೆ ಹೊರಿಸುವುದೂ ಇದೆ. ನಮ್ಮಲ್ಲಿ ದೀಪ ಅಂದ ಕೂಡಲೇ ಜ್ಞಾನ, ತಾಯಿ ಅಂದ ಕೂಡಲೇ ತ್ಯಾಗ ಅಂತ ಬರೆಯುತ್ತಾರಲ್ಲ, ಅದೇ.

ಒಬ್ಬರೇ ಕೂತು ಓದುವಾಗ ಇವು ಯಾವುವೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಮ್ಮ ನೆನಪು ನಮಗೆ ಪದ್ಯದ ಭಾಗವೇ ಅನಿಸುತ್ತದೆ. ಪಕ್ಕದವರ ನೆನಪು ಬೇರೆ, ಅದಕ್ಕೇ ಅವರಿಗೆ ನಮ್ಮದು ತಕ್ಷಣ ಕಾಣುತ್ತದೆ. ಜತೆಗೂಡಿ ಓದುವುದರ ದೊಡ್ಡ ಲಾಭ ಇದು. ಸ್ನೇಹಿತರು ನಮಗಿಂತ ಜಾಣರೇ ಇರಬೇಕು ಅಂತೇನಿಲ್ಲ, ಬೇರೆಯವರಾಗಿದ್ದರೆ ಸಾಕು.

ನೇರ ಅರ್ಥದ ಬಗ್ಗೆ ನಮ್ಮ ಕಾವ್ಯಮೀಮಾಂಸೆಯಲ್ಲೂ ಖಡಕ್ ಮಾತಿದೆ. 9ನೇ ಶತಮಾನದ ಕಾಶ್ಮೀರದ ಆನಂದವರ್ಧನ ಕಾವ್ಯದ ಆತ್ಮ ಧ್ವನಿ, ಅಂದರೆ ನೇರವಾಗಿ ಹೇಳದೆ ಹೊಳೆಯಿಸುವ ಅರ್ಥ, ಅಂದವನು. ಅವನೇ ವಾಚ್ಯಾರ್ಥವನ್ನು, ಅಂದರೆ ಪದಗಳ ನೇರ ಅರ್ಥವನ್ನು, ಬಿಟ್ಟು ಹಾರಲು ಬಿಡುವುದಿಲ್ಲ. ಬೆಳಕು ಬೇಕಾದವನು ದೀಪದ ಕಡೆ ಗಮನ ಕೊಡುವ ಹಾಗೆ, ಧ್ವನಿ ಬೇಕಾದವನು ಮೊದಲು ವಾಚ್ಯಾರ್ಥದ ಕಡೆ ಗಮನ ಕೊಡಬೇಕು ಅನ್ನುತ್ತಾನೆ. ನಮ್ಮ ತರಗತಿಗಳಲ್ಲಿ ಧ್ವನಿ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಈ ಎರಡನೇ ಮಾತು ಮಾತ್ರ ಯಾರಿಗೂ ನೆನಪಿಲ್ಲ. ಯಾರು ಏನು ಮಾಡಿದರು ಅಂತ ಹೇಳಲಾಗದವರೂ 'ಗೂಢಾರ್ಥ'ವನ್ನು ಅರ್ಧ ಪುಟ ಬರೆಯುತ್ತಾರೆ.

ಇನ್ನು ಗುಂಪು ಹೇಗೆ ನಡೆಯಬೇಕು ಅನ್ನುವ ವಿಷಯ. ಮಾತು ಶುರುವಾಗುವ ಮುಂಚೆ ಎಲ್ಲರೂ ಒಬ್ಬೊಬ್ಬರೇ ಬರೆಯಬೇಕು. ಎರಡು ಸಾಲು ಸಾಕು, ಆದರೆ ಬರೆಯಲೇಬೇಕು. ಇಲ್ಲದಿದ್ದರೆ ಗಟ್ಟಿ ದನಿಯವರ ಓದೇ ಎಲ್ಲರ ಓದಾಗಿಬಿಡುತ್ತದೆ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಶುರುವಿನಿಂದ ತಮ್ಮ ತರಗತಿಯಲ್ಲಿ ಹೀಗೇ ಮಾಡಿಸಿದರು. ವಿದ್ಯಾರ್ಥಿಗಳು ಮೊದಲು ಒಬ್ಬರೇ ಉತ್ತರ ಕೊಡಬೇಕು, ಆಮೇಲೆ ಪಕ್ಕದವರನ್ನು ಒಪ್ಪಿಸಲು ನೋಡಬೇಕು, ಕೊನೆಗೆ ಇನ್ನೊಮ್ಮೆ ಉತ್ತರ ಕೊಡಬೇಕು. ಈಗಷ್ಟೇ ಅರ್ಥ ಮಾಡಿಕೊಂಡವರಿಗೆ ತಾವು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆವು ಅಂತ ನೆನಪಿರುತ್ತದೆ, ಪಾಠ ಮಾಡುವವರಿಗೆ ಅದು ಮರೆತುಹೋಗಿರುತ್ತದೆ ಅನ್ನುವುದು ಅವರ ವಾದ. ಪದ್ಯದ ಮಟ್ಟಿಗಂತೂ ಇದು ನೂರಕ್ಕೆ ನೂರು ನಿಜ. ಆದರೆ ಒಂದು ವ್ಯತ್ಯಾಸ ಇದೆ. ಭೌತಶಾಸ್ತ್ರದ ಪ್ರಶ್ನೆಗೆ ಕೊನೆಗೊಂದು ಸರಿ ಉತ್ತರ ಇರುತ್ತದೆ. ಪದ್ಯದಲ್ಲಿ ಎರಡು ಓದು ಅಕ್ಕಪಕ್ಕ ಉಳಿಯಬಹುದು. ಆದ್ದರಿಂದ ವೋಟು ಹಾಕಿ ಮುಗಿಸಬೇಡಿ. 'ನಾವೆಲ್ಲ ಒಪ್ಪಿದೀವಿ ಸಾರ್' ಅನ್ನುವುದು ಪುರಾವೆಯಲ್ಲ.

ಮಾತು ಶುರುವಾಗಬೇಕಾದ್ದು ಅರ್ಥವಾಗದ ಸಾಲಿನಿಂದ. ಇದನ್ನು ತಡವಾಗಿ ಶುರು ಮಾಡಿದೆ, ಈಗ ಬಿಡುವುದಿಲ್ಲ. 'ನಿಮಗೆ ಗೊತ್ತಾದದ್ದು ಹೇಳಿ' ಅಂದರೆ ಯಾವಾಗಲೂ ಅದೇ ಇಬ್ಬರು ಮಾತಾಡುತ್ತಾರೆ. 'ಎಲ್ಲಿ ಗೊತ್ತಾಗಲಿಲ್ಲ' ಅಂದರೆ ಮೂಲೆಯಲ್ಲಿ ಕೂತವರ ಹತ್ತಿರವೂ ಹೇಳಲು ಏನಾದರೂ ಇರುತ್ತದೆ. ಎಷ್ಟೋ ಸಲ ಆ ಸಾಲು ಜಾಣರಿಗೂ ಗೊತ್ತಾಗಿರುವುದಿಲ್ಲ. ಅವರು ಅದನ್ನು ಹಾರಿಸಿ ಮುಂದೆ ಹೋಗಿರುತ್ತಾರೆ, ಅಷ್ಟೆ.

ಗೆಳೆಯರ ಸಹಾಯ ನಿಲ್ಲುವ ಜಾಗವೂ ಒಂದಿದೆ. ಹಳಗನ್ನಡದ ಪದ ಗೊತ್ತಿಲ್ಲದಿದ್ದರೆ ನಾಲ್ಕು ಜನ ಸೇರಿ ಊಹಿಸಿದರೂ ಅದು ಊಹೆಯೇ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇರುವುದೇ ಇದಕ್ಕೆ. ನಿಘಂಟು ತೆಗೆಯಲು ಸೋಮಾರಿತನ ಮಾಡುವ ಗುಂಪಿನಲ್ಲಿ ಒಂದು ತಪ್ಪು ಅರ್ಥ ಎಲ್ಲರಿಗೂ ಅಂಟಿಕೊಳ್ಳುತ್ತದೆ. ಆಮೇಲೆ ಬಿಡಿಸುವುದು ಬಹಳ ಕಷ್ಟ.

ಛಂದಸ್ಸು ಇದಕ್ಕೆ ಉಲ್ಟಾ. ಅಲ್ಲಿ ಮೇಷ್ಟ್ರ ಅಗತ್ಯವೇ ಕಡಿಮೆ. ಆರು ಸಾಲಿನ ಭಾಮಿನಿ ಷಟ್ಪದಿ ತಗೊಳ್ಳಿ. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಲಘುವಿಗೆ ಒಂದು, ಗುರುವಿಗೆ ಎರಡು. 1, 2, 4, 5ನೇ ಸಾಲಿನಲ್ಲಿ 3-4, 3-4 ರಂತೆ 14 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಅದೇ 3-4 ಮೂರು ಸಲ, ಕೊನೆಗೊಂದು ಗುರು, ಒಟ್ಟು 23. ಒಬ್ಬರು ತಾಳ ಹಾಕಿ ಓದಲಿ, ಇನ್ನೊಬ್ಬರು ಲಘು-ಗುರು ಹಾಕಲಿ. ಲೆಕ್ಕ ಕೂಡದಿದ್ದರೆ ಎಣಿಸಿದ್ದು ತಪ್ಪಿರಬಹುದು. ಪದವನ್ನೇ ತಪ್ಪಾಗಿ ಬರೆದುಕೊಂಡಿರಲೂಬಹುದು. ಅದನ್ನು ಹುಡುಕುವಾಗ ಪದ್ಯವನ್ನು ಹತ್ತು ಸಲ ಓದಿಯಾಗಿರುತ್ತದೆ. ನನಗೆ ಬೇಕಾಗಿದ್ದೂ ಅದೇ.

ಅಲಂಕಾರ ಹುಡುಕುವ ಆಟದ ಬಗ್ಗೆ ಜಾಸ್ತಿ ಹೇಳಲ್ಲ. 'ಇಲ್ಲಿ ರೂಪಕ ಇದೆ' ಅಂತ ಗೆಳತಿ ಹೇಳಿದರೆ 'ಇದ್ದರೆ ಏನಾಯ್ತು?' ಅಂತ ಕೇಳಿ. ಅದಕ್ಕೆ ಉತ್ತರ ಬಂದರೆ ಬರೆದುಕೊಳ್ಳಿ. ಕವಿಯ ಜೀವನ ತಂದು ಪದ್ಯ ಬಿಡಿಸುವವರಿಗೂ ಇದೇ ಪ್ರಶ್ನೆ ಸಾಕು.

'ಇಷ್ಟೆಲ್ಲ ಮಾಡಿದರೆ ಮಾರ್ಕ್ಸ್ ಬರುತ್ತಾ ಸಾರ್?' ಇದು ತಪ್ಪದೆ ಬರುವ ಪ್ರಶ್ನೆ. ಪರೀಕ್ಷೆಯಲ್ಲಿ ನೀವು ಓದಿದ ಪದ್ಯವನ್ನೇ ಕೇಳಿದರೂ ಪ್ರಶ್ನೆಯನ್ನು ಸ್ವಲ್ಪ ತಿರುಚಿ ಕೇಳಬಹುದು. ಆಗ ಬಾಯಿಪಾಠ ಮಾಡಿದ ಸಾರಾಂಶ ತಡವರಿಸುತ್ತದೆ. ಬಾಗಿಲು ಮುಚ್ಚಿಲ್ಲ, ಆದರೂ ಉಂಡೆ ಅಂತ ಜಗಳವಾಡಿದವರಿಗೆ ಪದ್ಯದ ಸಾಲೇ ನೆನಪಿರುತ್ತದೆ, ಹೊಸ ಪ್ರಶ್ನೆಗೂ ಅದನ್ನು ಹಿಡಿದೇ ಉತ್ತರ ಬರೆಯುತ್ತಾರೆ. ಫೋನಿನಲ್ಲಿ ಸಹಾಯ ಕೇಳಿದರೂ ಹೀಗೇ ಮಾಡಬಹುದು. ಪುಟದ ಫೋಟೊ ಬದಲು 'ತಟ್ಟೆ ಎರಡು ಯಾಕೆ, ನೋಡು' ಅಂತ ಒಂದು ಸಾಲು ಕಳಿಸಿ. ಮೊದಲ ಸಲ ಬೈಗುಳ ಬರಬಹುದು.

ಗುಂಪಿನ ಮಾತು ಮುಗಿದ ಮೇಲೆ ಎಲ್ಲರೂ ಹಾಳೆ ಮಡಚಿಟ್ಟು ತಮ್ಮ ಉತ್ತರವನ್ನು ತಾವೇ ಬರೆಯುತ್ತಾರೆ. ಯಾವುದಾದರೂ ವಿಚಾರ ಗೆಳೆಯರಿಂದ ಬಂದಿದ್ದರೆ ಬದಿಯಲ್ಲಿ ಅವರ ಹೆಸರು ಬರೆಯಲು ಹೇಳಿದ್ದೇನೆ. ಕ್ರಿಯಾಪದದ ವಿಷಯ ಕಂಡುಹಿಡಿದವಳ ಹೆಸರು ಆವತ್ತು ಹೆಚ್ಚುಕಡಿಮೆ ಎಲ್ಲರ ಹಾಳೆಯಲ್ಲೂ ಇತ್ತು. ಹೆಸರು ಬರೆದಿದ್ದಕ್ಕೆ ನಾನು ಅಂಕ ಕಡಿಮೆ ಮಾಡುವುದಿಲ್ಲ. ಸಾಲು ತೋರಿಸದೆ ಅರ್ಥ ಬರೆದರೆ ಮಾಡುತ್ತೇನೆ.